ಕ್ಲಚ್ಚಿನ ಸದ್ದು: ಎಂಜಿನ್ ಬಿಚ್ಚುವ ಮುನ್ನ ಕೇಳಬೇಕಾದದ್ದು

ಕೃಷ್ಣಾ ಮತ್ತು ಭೀಮಾ ನದಿಗಳು ಹಾದುಹೋಗುವ ಯಾದಗಿರಿ ಜಿಲ್ಲೆಯಲ್ಲಿ ಮೋಟಾರ್ ಸೈಕಲ್ ಎಂಬುದು ಬರಿಯ ಓಡಾಟದ ವಾಹನವಲ್ಲ. ಯಾದಗಿರಿ, ಶಹಾಪುರ, ಸುರಪುರದ ಸುತ್ತಲಿನ ಹಳ್ಳಿಗಳಲ್ಲಿ ಅದು ಗೊಬ್ಬರದ ಚೀಲ, ಹಾಲಿನ ಕ್ಯಾನು, ಔಷಧಿ ಹೊಡೆಯುವ ಪಂಪು, ಹತ್ತಿ ಬಿಡಿಸಲು ಹೊರಟ ಕೂಲಿಯಾಳುಗಳು, ಶಾಲೆಯ ಮಕ್ಕಳು ಎಲ್ಲವನ್ನೂ ಹೊರುವ ದುಡಿಮೆಯ ಸಾಧನ. ಅಂಥ ಗಾಡಿಯ ಎಂಜಿನ್ನಿನ ಬಲಬದಿಯಿಂದ ಒಂದು ದಿನ ಕಟಕಟ ಎಂಬ ಸದ್ದೋ ಕಿರ್ರೆನ್ನುವ ಸದ್ದೋ ಕೇಳಿಸತೊಡಗಿದರೆ, ಮಾಲೀಕರಲ್ಲಿ ಕೆಲವರು ಗಾಡಿ ಓಡುತ್ತಿರುವವರೆಗೆ ಓಡಲಿ ಎಂದು ಸುಮ್ಮನಾಗುತ್ತಾರೆ, ಇನ್ನು ಕೆಲವರು ಗಾಬರಿಯಿಂದ ಗ್ಯಾರೇಜಿಗೆ ಹೋಗಿ ಕ್ಲಚ್ ಪ್ಲೇಟುಗಳ ಇಡೀ ಸೆಟ್ಟನ್ನೇ ಬದಲಾಯಿಸಿಕೊಂಡು ಬರುತ್ತಾರೆ, ಆಮೇಲೂ ಸದ್ದು ಹಾಗೆಯೇ ಉಳಿದಾಗ ಕಂಪನಿಯನ್ನೋ ಮಿಸ್ತ್ರಿಯನ್ನೋ ದೂರುತ್ತಾರೆ. ಈ ಎರಡೂ ದಾರಿಗಳು ನಷ್ಟದ ದಾರಿಗಳೇ. ಕ್ಲಚ್ಚಿನ ಸದ್ದನ್ನು ಗುರುತಿಸುವುದಕ್ಕೆ ಒಂದು ಕ್ರಮವಿದೆ. ಅದರ ಮೊದಲ ಮತ್ತು ಅತ್ಯಂತ ಮುಖ್ಯವಾದ ಭಾಗಕ್ಕೆ ಒಂದು ಪಾನಾ ಕೂಡ ಬೇಕಿಲ್ಲ, ಎಡಗೈಯ ಲಿವರ್ ಮತ್ತು ನೆಟ್ಟ ಕಿವಿ ಇದ್ದರೆ ಸಾಕು.

ಕ್ರಮವನ್ನು ತಿಳಿಯುವ ಮೊದಲು ಕ್ಲಚ್ ಒಳಗೆ ಏನಿದೆ ಎಂಬುದನ್ನು ನೋಡಬೇಕು. ಎಂಜಿನ್ನಿನ ಕ್ರ್ಯಾಂಕ್ ದಂಡ ತಿರುಗುವ ಬಲವನ್ನು ಗೇರ್ ಬಾಕ್ಸಿಗೆ ಕೊಡುವುದು, ಬೇಕಾದಾಗ ಆ ಬಲವನ್ನು ತಡೆಹಿಡಿಯುವುದು, ಇವೆರಡೇ ಕ್ಲಚ್ಚಿನ ಕೆಲಸ. ಕ್ರ್ಯಾಂಕಿನ ತುದಿಯಲ್ಲಿರುವ ಚಿಕ್ಕ ಗೇರು ಕ್ಲಚ್ಚಿನ ದೊಡ್ಡ ಗೇರನ್ನು ತಿರುಗಿಸುತ್ತದೆ. ಈ ಜೋಡಿಗೆ ಪ್ರೈಮರಿ ಗೇರು ಎನ್ನುತ್ತಾರೆ. ದೊಡ್ಡ ಗೇರಿಗೆ ಅಂಟಿಕೊಂಡಿರುವ, ಸುತ್ತಲೂ ಸೀಳುಗಳಿರುವ ಅಲ್ಯೂಮಿನಿಯಂ ಡಬ್ಬಿಯೇ ಕ್ಲಚ್ ಹೌಸಿಂಗ್. ಅದರೊಳಗೆ ಘರ್ಷಣೆಯ ಪದಾರ್ಥ ಅಂಟಿಸಿದ ಪ್ಲೇಟುಗಳು ಮತ್ತು ಬರಿಯ ಉಕ್ಕಿನ ಪ್ಲೇಟುಗಳು ಒಂದು ಬಿಟ್ಟು ಒಂದರಂತೆ ಕೂತಿರುತ್ತವೆ. ಘರ್ಷಣೆ ಪ್ಲೇಟಿನ ಹಲ್ಲುಗಳು ಹೌಸಿಂಗಿನ ಸೀಳುಗಳಿಗೆ ಸಿಕ್ಕಿಕೊಂಡರೆ, ಉಕ್ಕಿನ ಪ್ಲೇಟುಗಳ ಒಳಹಲ್ಲುಗಳು ಕ್ಲಚ್ ಸೆಂಟರ್ ಎಂಬ ಒಳಭಾಗಕ್ಕೆ ಸಿಕ್ಕಿಕೊಳ್ಳುತ್ತವೆ, ಆ ಸೆಂಟರ್ ಗೇರ್ ಬಾಕ್ಸಿನ ಮುಖ್ಯ ದಂಡಕ್ಕೆ ಜೋಡಿಸಿಕೊಂಡಿರುತ್ತದೆ. ಸ್ಪ್ರಿಂಗುಗಳು ಪ್ರೆಷರ್ ಪ್ಲೇಟಿನ ಮೂಲಕ ಎಲ್ಲ ಪ್ಲೇಟುಗಳನ್ನೂ ಒತ್ತಿ ಹಿಡಿದಾಗ ಹೊರಭಾಗವೂ ಒಳಭಾಗವೂ ಒಂದಾಗಿ ತಿರುಗುತ್ತವೆ. ಲಿವರ್ ಎಳೆದಾಗ ಕೇಬಲ್ಲು ಒಂದು ಚಿಕ್ಕ ಬೇರಿಂಗಿನ ಮೂಲಕ ಪ್ರೆಷರ್ ಪ್ಲೇಟನ್ನು ಕೆಲವೇ ಮಿಲಿಮೀಟರಿನಷ್ಟು ಸರಿಸುತ್ತದೆ, ಪ್ಲೇಟುಗಳು ಸಡಿಲವಾಗುತ್ತವೆ, ಎಂಜಿನ್ ತಿರುಗುತ್ತಿದ್ದರೂ ಗೇರ್ ಬಾಕ್ಸಿಗೆ ಬಲ ಹೋಗುವುದಿಲ್ಲ. 1985ರಲ್ಲಿ ಬಂದ ಹೀರೋ ಹೋಂಡಾ ಸಿಡಿ 100, 1994ರ ಸ್ಪ್ಲೆಂಡರ್, 2001ರ ಬಜಾಜ್ ಪಲ್ಸರ್ ಮತ್ತು ಅವುಗಳ ನಂತರದ ಬಹುತೇಕ ಬೈಕುಗಳಲ್ಲಿ ಇರುವುದು ಇದೇ ಏರ್ಪಾಡು, ಮತ್ತು ಇದೆಲ್ಲವೂ ಎಂಜಿನ್ ಆಯಿಲ್‌ನಲ್ಲೇ ನೆನೆದುಕೊಂಡು ಕೆಲಸ ಮಾಡುವುದರಿಂದ ಇದಕ್ಕೆ ವೆಟ್ ಕ್ಲಚ್ ಎಂಬ ಹೆಸರಿದೆ.

ಇಷ್ಟು ತಿಳಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಲಿವರ್ ಬಿಟ್ಟಿದ್ದಾಗ ತಿರುಗುವ ಭಾಗಗಳು ಬೇರೆ, ಹಿಡಿದಾಗ ತಿರುಗುವ ಭಾಗಗಳು ಬೇರೆ. ಹಾಗಾಗಿ ಲಿವರಿನ ಸ್ಥಿತಿ ಬದಲಾದಾಗ ಸದ್ದು ಬದಲಾದರೆ, ಆ ಬದಲಾವಣೆಯೇ ದೋಷದ ಜಾಗವನ್ನು ತೋರಿಸುತ್ತದೆ. ಸಮತಟ್ಟಾದ ನೆಲದ ಮೇಲೆ ಗಾಡಿಯ ಮೇಲೆ ಕೂತು, ಎಂಜಿನ್ ಹದವಾಗಿ ಬಿಸಿಯಾದ ಮೇಲೆ, ಮೂರು ಸ್ಥಿತಿಗಳಲ್ಲಿ ಸದ್ದನ್ನು ಕೇಳಬೇಕು. ಮೊದಲು ಗೇರು ನ್ಯೂಟ್ರಲ್‌ನಲ್ಲಿದ್ದು ಲಿವರ್ ಬಿಟ್ಟಿರಬೇಕು: ಆಗ ಎಂಜಿನ್, ಇಡೀ ಕ್ಲಚ್, ಗೇರ್ ಬಾಕ್ಸಿನ ಮುಖ್ಯ ದಂಡ ಮತ್ತು ಅದರ ಗೇರುಗಳು ಎಲ್ಲವೂ ತಿರುಗುತ್ತಿರುತ್ತವೆ. ಎರಡನೆಯದು ನ್ಯೂಟ್ರಲ್‌ನಲ್ಲೇ ಲಿವರನ್ನು ಪೂರ್ತಿ ಹಿಡಿಯುವುದು; ಪ್ಲೇಟುಗಳು ಸಡಿಲವಾಗಿ ಮುಖ್ಯ ದಂಡದ ವೇಗ ಇಳಿಯುತ್ತದೆ, ಆದರೆ ಆಯಿಲಿನ ಅಂಟಿನಿಂದಾಗಿ ಅದು ತಕ್ಷಣ ಪೂರ್ತಿ ನಿಲ್ಲುವುದಿಲ್ಲ. ಮೂರನೆಯದು ಹಿಂದಿನ ಬ್ರೇಕನ್ನು ಒತ್ತಿ ಹಿಡಿದು, ಲಿವರ್ ಬಿಡದೆ ಮೊದಲ ಗೇರಿಗೆ ಹಾಕುವುದು. ಆಗ ಚಕ್ರ ನಿಂತಿರುವುದರಿಂದ ಗೇರ್ ಬಾಕ್ಸಿನ ದಂಡಗಳು ಪೂರ್ತಿಯಾಗಿ ನಿಲ್ಲುತ್ತವೆ, ಎಂಜಿನ್ ಮತ್ತು ಕ್ಲಚ್ಚಿನ ಹೊರಭಾಗ ಮಾತ್ರ ತಿರುಗುತ್ತಿರುತ್ತವೆ. ಗ್ಯಾರೇಜುಗಳಲ್ಲಿ ಹಲವರು ಮೊದಲೆರಡು ಸ್ಥಿತಿಗಳನ್ನು ಮಾತ್ರ ನೋಡಿ ತೀರ್ಮಾನಕ್ಕೆ ಬರುತ್ತಾರೆ. ಅನುಮಾನ ಪರಿಹರಿಸುವುದು ಹೆಚ್ಚಾಗಿ ಮೂರನೆಯದೇ.

ಲಿವರ್ ಬಿಟ್ಟಿದ್ದಾಗ ಕೇಳಿಸುವ ಗುರುಗುರು ಸದ್ದು ಲಿವರ್ ಹಿಡಿದೊಡನೆ ಕಡಿಮೆಯಾಗಿ, ಮೊದಲ ಗೇರಿನಲ್ಲಿ ಪೂರ್ತಿ ಮಾಯವಾದರೆ, ದೋಷ ಇರುವುದು ಗೇರ್ ಬಾಕ್ಸಿನ ಮುಖ್ಯ ದಂಡದ ಬೇರಿಂಗಿನಲ್ಲಿ ಅಥವಾ ಅದರ ಗೇರುಗಳ ನಡುವಿನ ಸಡಿಲದಲ್ಲಿ. ಇಂಥ ಗಾಡಿಗೆ ಹೊಸ ಕ್ಲಚ್ ಪ್ಲೇಟ್ ಹಾಕಿಸಿದರೆ ಹಣ ಹೋದೀತೇ ಹೊರತು ಸದ್ದು ಹೋಗುವುದಿಲ್ಲ. ಇದಕ್ಕೆ ತಿರುಗುಮುರುಗಾಗಿ, ಲಿವರ್ ಬಿಟ್ಟಿದ್ದಾಗ ಶಾಂತವಾಗಿದ್ದ ಎಂಜಿನ್ ಲಿವರ್ ಹಿಡಿದಾಗ ಮಾತ್ರ ಸದ್ದು ಮಾಡಿದರೆ ಎರಡು ಸಾಧ್ಯತೆಗಳಿವೆ. ಒಂದು, ಪ್ರೆಷರ್ ಪ್ಲೇಟನ್ನು ಸರಿಸುವ ಚಿಕ್ಕ ಬೇರಿಂಗು; ಲಿವರ್ ಬಿಟ್ಟಿದ್ದಾಗ ಅದರ ಮೇಲೆ ಭಾರವೇ ಇರುವುದಿಲ್ಲ, ಹಿಡಿದಾಗ ಮಾತ್ರ ತಿರುಗುವ ಪ್ಲೇಟಿಗೂ ತಿರುಗದ ಒತ್ತುಗೋಲಿಗೂ ನಡುವೆ ಸಿಕ್ಕಿ ಕೆಲಸ ಮಾಡುತ್ತದೆ, ಸವೆದಿದ್ದರೆ ಲಿವರಿನ ಒತ್ತಡಕ್ಕೆ ತಕ್ಕಂತೆ ಏರಿಳಿಯುವ ಒಂದೇ ಸಮನಾದ ಕಿರುಗುಟ್ಟುವಿಕೆ ಕೇಳಿಸುತ್ತದೆ. ಇನ್ನೊಂದು, ಹೌಸಿಂಗಿನ ನಡುವಿರುವ ಬುಶ್ ಸವೆದು ಡಬ್ಬಿ ಅಲ್ಲಾಡುತ್ತಿರುವುದು. ಪ್ಲೇಟುಗಳು ಬಿಗಿಯಾಗಿರುವಾಗ ಅವು ಹೌಸಿಂಗನ್ನು ಅಲ್ಲಾಡದಂತೆ ಹಿಡಿದಿರುತ್ತವೆ, ಸಡಿಲವಾದೊಡನೆ ಅದು ಓಲಾಡಿ ಖಡಖಡ ಎನ್ನುತ್ತದೆ. ಮೊದಲನೆಯ ದೋಷ ಕಡಿಮೆ ಖರ್ಚಿನಲ್ಲಿ ತೀರುತ್ತದೆ, ಎರಡನೆಯದು ಹಾಗಲ್ಲ. ಹಾಗಾಗಿ ಸದ್ದಿನ ಬಗೆಯನ್ನು ಬೇರ್ಪಡಿಸಿ ಕೇಳುವುದಕ್ಕೆ ಐದು ನಿಮಿಷ ಕೊಟ್ಟರೂ ಅದು ಸಾರ್ಥಕ.

ಲಿವರ್ ಹಿಡಿದಾಗ ಬರುವ ಎಲ್ಲ ಸದ್ದೂ ದೋಷವಲ್ಲ ಎಂಬುದಕ್ಕೆ ಇಟಲಿಯ ಡುಕಾಟಿ ಬೈಕುಗಳೇ ಸಾಕ್ಷಿ. ಅವುಗಳ ಹಲವು ಹಳೆಯ ಮಾದರಿಗಳಲ್ಲಿ ಕ್ಲಚ್ ಆಯಿಲ್ ಇಲ್ಲದೆ ಒಣಗಿದ್ದುಕೊಂಡೇ ಕೆಲಸ ಮಾಡುತ್ತಿದ್ದುದರಿಂದ, ಸಡಿಲವಾದ ಪ್ಲೇಟುಗಳು ಹೌಸಿಂಗಿಗೆ ಬಡಿದು ಎದ್ದು ಕೇಳುವ ಸದ್ದು ಆ ಬೈಕಿನ ಗುರುತೇ ಆಗಿತ್ತು. ಆದರೆ ಆಯಿಲ್‌ನಲ್ಲಿ ಮುಳುಗಿರುವ ನಮ್ಮ 100 ಅಥವಾ 125 ಸಿಸಿ ಬೈಕಿನಿಂದ ಅಂಥ ಸದ್ದು ಬಂದರೆ ಅದನ್ನು ಸಹಜವೆಂದು ಬಿಟ್ಟುಬಿಡುವಂತಿಲ್ಲ.

ನಿಂತ ಗಾಡಿಯಲ್ಲಿ ಟಕಟಕ ಎಂದು ಬಡಿಯುತ್ತ, ಆಕ್ಸಿಲರೇಟರ್ ಕೊಂಚ ತಿರುಗಿಸಿದೊಡನೆ ಮಾಯವಾಗುವ ಸದ್ದಿನ ಮೂಲ ಬೇರೆ. ಒಂದೇ ಸಿಲಿಂಡರಿನ ನಾಲ್ಕು ಸ್ಟ್ರೋಕ್ ಎಂಜಿನ್ ಎರಡು ಸುತ್ತಿಗೆ ಒಂದು ಬಾರಿ ಮಾತ್ರ ಸಿಡಿದು ಬಲ ಕೊಡುತ್ತದೆ; ಸ್ಪ್ಲೆಂಡರಿನಂಥ ಬೈಕು ನಿಂತಾಗ ನಿಮಿಷಕ್ಕೆ ಸುಮಾರು 1400 ಸುತ್ತು ತಿರುಗುವುದಾದರೆ ಸೆಕೆಂಡಿಗೆ ಹನ್ನೆರಡರ ಆಸುಪಾಸಿನಲ್ಲಿ ತಳ್ಳುಗಳು ಬರುತ್ತವೆ, ಎರಡು ತಳ್ಳುಗಳ ನಡುವೆ ಕ್ರ್ಯಾಂಕ್ ತುಸು ನಿಧಾನಿಸುತ್ತದೆ. ಹೀಗೆ ಮುಂದಾಗುತ್ತ ಹಿಂದಾಗುತ್ತ ತಿರುಗುವ ಗೇರು ಎದುರಿನ ಗೇರಿನ ಹಲ್ಲುಗಳಿಗೆ ಬಡಿಯದಂತೆ ತಡೆಯಲು ಹೌಸಿಂಗಿನ ಬೆನ್ನಿಗೆ ಚಿಕ್ಕ ಸ್ಪ್ರಿಂಗುಗಳನ್ನೋ ರಬ್ಬರ್ ತುಂಡುಗಳನ್ನೋ ಕೂರಿಸಿರುತ್ತಾರೆ. ಅವು ಸಡಿಲವಾದಾಗ ಪ್ರತಿ ತಳ್ಳೂ ಒಂದೊಂದು ಬಡಿತವಾಗಿ ಕೇಳಿಸುತ್ತದೆ. ಆದರೆ ಹೌಸಿಂಗ್ ಬದಲಾಯಿಸಲು ಹೊರಡುವ ಮುನ್ನ ಐಡಲ್ ವೇಗವನ್ನು, ಅಂದರೆ ಆಕ್ಸಿಲರೇಟರ್ ಬಿಟ್ಟಾಗ ಎಂಜಿನ್ ತಿರುಗುವ ವೇಗವನ್ನು, ನೋಡಲೇಬೇಕು. ಪೆಟ್ರೋಲ್ ಉಳಿಸುವ ಆಸೆಯಿಂದ ಐಡಲನ್ನು ತೀರ ಕೆಳಗಿಳಿಸಿರುವ ಹಳೆಯ ಕಾರ್ಬ್ಯುರೇಟರ್ ಬೈಕುಗಳಲ್ಲಿ ಒಳ್ಳೆಯ ಕ್ಲಚ್ಚೂ ಬಡಿಯುತ್ತದೆ, ಒಂದು ಸ್ಕ್ರೂ ತಿರುಗಿಸಿದರೆ ಅದು ಸರಿಯಾಗುತ್ತದೆ.

ಗಾಡಿ ಹೊರಡುವಾಗ, ಲಿವರನ್ನು ಮೆಲ್ಲಗೆ ಬಿಡುತ್ತ ಕ್ಲಚ್ ಹಿಡಿಯುವ ಗಳಿಗೆಯಲ್ಲಿ, ಕೀರಲು ಸದ್ದು ಬಂದರೆ ಅಥವಾ ಗಾಡಿ ಕುಲುಕಿದರೆ ದೋಷ ನೇರವಾಗಿ ಪ್ಲೇಟುಗಳದು, ಮತ್ತು ಈ ಜಿಲ್ಲೆಯ ಗಾಡಿಗಳಿಗೆ ಹೆಚ್ಚು ಒದಗುವ ತೊಂದರೆಯೂ ಇದೇ. ಅದಕ್ಕೆ ಕಾರಣಗಳು ಇಲ್ಲಿನ ನೆಲದಲ್ಲೂ ಬಿಸಿಲಿನಲ್ಲೂ ಇವೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವ ಈ ಭಾಗದಲ್ಲಿ, ಗಾಳಿಯಿಂದಲೇ ತಣಿಯಬೇಕಾದ ಎಂಜಿನ್ನಿಗೆ ತಣಿಸುವ ಗಾಳಿಯೇ ಬಿಸಿಯಾಗಿರುತ್ತದೆ. ಹತ್ತಿ ತುಂಬಿದ ಟ್ರ್ಯಾಕ್ಟರಿನ ಹಿಂದೆ ಆಮೆವೇಗದಲ್ಲಿ ಸಾಗುವಾಗ, ನಾರಾಯಣಪುರ ಎಡದಂಡೆ ಕಾಲುವೆಯ ಪಕ್ಕದ ಹಾದಿಯಲ್ಲಿ ಮಳೆಗಾಲದ ಎರೆಮಣ್ಣು ಚಕ್ರಕ್ಕೆ ಮೆತ್ತಿಕೊಂಡಾಗ, ಗುಡ್ಡಗಳ ನಡುವಿನ ಸುರಪುರದ ಏರುಹಾದಿಗಳಲ್ಲಿ ಇಬ್ಬರನ್ನು ಕೂರಿಸಿಕೊಂಡು ಹತ್ತುವಾಗ, ತಿಂಥಣಿ ಮೌನೇಶ್ವರನ ಜಾತ್ರೆಯ ಅಥವಾ ಸಂಕ್ರಾಂತಿಯ ಮೈಲಾಪುರ ಜಾತ್ರೆಯ ಜನಸಂದಣಿಯಲ್ಲಿ ಹೆಜ್ಜೆ ಹೆಜ್ಜೆಯಾಗಿ ಸರಿಯುವಾಗ, ಸವಾರರು ಲಿವರನ್ನು ಅರ್ಧ ಹಿಡಿದು ಅರ್ಧ ಬಿಟ್ಟು ಗಾಡಿ ಓಡಿಸುತ್ತಾರೆ. ಇದನ್ನೇ ಹಾಫ್ ಕ್ಲಚ್ ಎನ್ನುವುದು. ಆ ಸ್ಥಿತಿಯಲ್ಲಿ ಪ್ಲೇಟುಗಳು ಒಂದನ್ನೊಂದು ಉಜ್ಜುತ್ತಲೇ ಇರುತ್ತವೆ, ಎಂಜಿನ್ನಿನ ಬಲದ ಒಂದು ಪಾಲು ಚಕ್ರಕ್ಕೆ ಹೋಗದೆ ಶಾಖವಾಗಿ ಅಲ್ಲೇ ಉಳಿಯುತ್ತದೆ. ಶಾಖ ಮೀರಿದಾಗ ಘರ್ಷಣೆ ಪದಾರ್ಥದ ಮೇಲ್ಮೈ ಸುಟ್ಟು ಗಾಜಿನಂತೆ ನುಣ್ಣಗಾಗುತ್ತದೆ, ಉಕ್ಕಿನ ಪ್ಲೇಟು ನೀಲಿ ಬಣ್ಣಕ್ಕೆ ತಿರುಗಿ ಬಾಗುತ್ತದೆ. ನುಣುಪಿನಿಂದ ಕೀರಲು ಸದ್ದು, ಬಾಗಿನಿಂದ ಕುಲುಕು. ಭಾರ ಹೊರುವುದನ್ನು ಬಿಡಿ ಎಂದು ರೈತನಿಗೆ ಹೇಳುವುದು ಆಗದ ಮಾತು; ಆದರೆ ಕೆಳಗಿನ ಗೇರಿನಲ್ಲಿ ಹೊರಟು ಲಿವರನ್ನು ಪೂರ್ತಿ ಬಿಟ್ಟು ಓಡಿಸುವುದು, ಸಂದಣಿಯಲ್ಲಿ ನಿಂತಾಗ ನ್ಯೂಟ್ರಲ್‌ಗೆ ತರುವುದು ಎಲ್ಲರಿಗೂ ಸಾಧ್ಯ.

ಲಿವರಿನ ಸಡಿಲವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಬಹುತೇಕ ಸಾಮಾನ್ಯ ಬೈಕುಗಳಲ್ಲಿ ಲಿವರಿನ ತುದಿ 10ರಿಂದ 20 ಮಿಲಿಮೀಟರಿನಷ್ಟು ಬರಿದೆ ಆಡಿದ ಮೇಲೆ ಕ್ಲಚ್ ಮೇಲೆ ಬಲ ಬೀಳಬೇಕು. ಈ ಆಟ ಇಲ್ಲವೇ ಇಲ್ಲವೆಂದರೆ ಸವಾರ ಲಿವರ್ ಬಿಟ್ಟರೂ ಕ್ಲಚ್ ಪೂರ್ತಿ ಹಿಡಿಯುವುದಿಲ್ಲ, ಪ್ಲೇಟುಗಳು ಜಾರಿ ಸುಡುತ್ತವೆ, ಒತ್ತುವ ಬೇರಿಂಗಿಗೆ ಬಿಡುವಿರುವುದಿಲ್ಲ. ಆಟ ವಿಪರೀತವಾದರೆ ಲಿವರ್ ಹಿಡಿದರೂ ಪ್ಲೇಟುಗಳು ಬೇರೆಯಾಗದೆ ಮೊದಲ ಗೇರಿಗೆ ಹಾಕುವಾಗ ಢಂ ಎಂಬ ಹೊಡೆತ ಕೇಳಿಸುತ್ತದೆ. ಕೇಬಲ್ ಒಣಗಿ ಮಣ್ಣು ತುಂಬಿದ್ದರೆ ಲಿವರ್ ಎಳೆದಾಗ ಹ್ಯಾಂಡಲ್ ಬಳಿಯೇ ಕಿರುಗುಟ್ಟುತ್ತದೆ, ಅದನ್ನು ಎಂಜಿನ್ನಿನ ಸದ್ದೆಂದು ತಿಳಿಯುವವರೂ ಇದ್ದಾರೆ. ಎಂಜಿನ್ ಆಫ್ ಮಾಡಿ ಲಿವರ್ ಎಳೆದು ನೋಡಿದರೆ ನಿಜ ತಿಳಿಯುತ್ತದೆ.

ಆಯಿಲ್ ವಿಷಯವನ್ನು ಇನ್ನಷ್ಟು ಒತ್ತಿ ಹೇಳಬೇಕಾಗಿದೆ. ಕಾರಿನಲ್ಲಿ ಎಂಜಿನ್ ಆಯಿಲಿಗೂ ಕ್ಲಚ್ಚಿಗೂ ಸಂಬಂಧವಿಲ್ಲ. ಬೈಕಿನಲ್ಲಿ ಎಂಜಿನ್, ಗೇರ್ ಬಾಕ್ಸ್, ಕ್ಲಚ್ ಮೂರಕ್ಕೂ ಹೆಚ್ಚುಕಡಿಮೆ ಒಂದೇ ಲೀಟರ್ ಆಯಿಲ್ ಸಾಕಾಗಬೇಕು. ಕಾರಿಗೆಂದು ತಯಾರಾದ ಕೆಲವು ಆಯಿಲ್‌ಗಳಲ್ಲಿ ಘರ್ಷಣೆಯನ್ನು ತಗ್ಗಿಸುವ ರಾಸಾಯನಿಕಗಳಿರುತ್ತವೆ. ಎಂಜಿನ್ನಿಗೆ ಅವು ಹಿತ, ಘರ್ಷಣೆಯನ್ನೇ ನಂಬಿರುವ ಕ್ಲಚ್ಚಿಗೆ ಕೇಡು. ಈ ಕಾರಣಕ್ಕೇ ಜಪಾನಿನ ವಾಹನ ಗುಣಮಟ್ಟ ಸಂಸ್ಥೆಯಾದ ಜಾಸೋ ಮೋಟಾರ್ ಸೈಕಲ್ ಆಯಿಲ್‌ಗೆ ಪ್ರತ್ಯೇಕ ಗುರುತನ್ನು ರೂಪಿಸಿತು: ವೆಟ್ ಕ್ಲಚ್ ಇರುವ ಬೈಕುಗಳಿಗೆ ಎಂಎ ಅಥವಾ ಎಂಎ2, ಕ್ಲಚ್ ಆಯಿಲ್‌ನಲ್ಲಿ ಮುಳುಗದ ಸ್ಕೂಟರುಗಳಿಗೆ ಎಂಬಿ. ಡಬ್ಬದ ಹಿಂಬದಿಯಲ್ಲಿ ಚಿಕ್ಕ ಚೌಕದೊಳಗೆ ಈ ಅಕ್ಷರಗಳು ಅಚ್ಚಾಗಿರುತ್ತವೆ. ಡ್ರಮ್ಮಿನಿಂದ ಅಳೆದು ಕೊಡುವ ಬಿಡಿ ಆಯಿಲ್‌ನಲ್ಲಿ ಈ ಗುರುತನ್ನು ನೋಡುವ ದಾರಿಯೇ ಇಲ್ಲದ್ದರಿಂದ, ಹತ್ತಿಪ್ಪತ್ತು ರೂಪಾಯಿ ಉಳಿಸಲು ಅದನ್ನು ಹಾಕಿಸುವುದು ತಪ್ಪು ಲೆಕ್ಕ. ಆಯಿಲ್ ಮಟ್ಟ ಇಳಿದಿದ್ದರೂ ಕ್ಲಚ್, ಟ್ಯಾಪೆಟ್, ಗೇರು ಎಲ್ಲವೂ ಒಟ್ಟಿಗೆ ಸದ್ದು ಮಾಡತೊಡಗುತ್ತವೆ. ಯಾವುದೇ ಸದ್ದಿನ ತಪಾಸಣೆ ಆಯಿಲಿನ ಕಡ್ಡಿ ತೆಗೆದು ನೋಡುವುದರಿಂದಲೇ ಶುರುವಾಗಬೇಕು ಎಂಬುದು ಈ ಕಾರಣಕ್ಕೆ.

ಕ್ಲಚ್ಚಿನದೆಂದು ತಪ್ಪಾಗಿ ತಿಳಿಯುವ ಸದ್ದುಗಳೂ ಕಡಿಮೆಯಿಲ್ಲ. ಟ್ಯಾಪೆಟ್ ಅಂತರ ಎಂದರೆ ವಾಲ್ವ್ ಮತ್ತು ಅದನ್ನು ಒತ್ತುವ ರಾಕರ್ ನಡುವಿನ ಸಣ್ಣ ಜಾಗ. ಅದು ಹೆಚ್ಚಾದರೆ ಎಂಜಿನ್ನಿನ ತಲೆಯಿಂದ ಟಿಕಟಿಕ ಸದ್ದು ಬರುತ್ತದೆ. ಟೈಮಿಂಗ್ ಚೈನ್ ಸಡಿಲವಾದರೆ ಸಿಲಿಂಡರಿನ ಪಕ್ಕದಿಂದ ಚರಚರ ಸದ್ದು ಬರುತ್ತದೆ. ಇವೆರಡೂ ಲಿವರ್ ಹಿಡಿದರೂ ಬಿಟ್ಟರೂ ಬದಲಾಗುವುದಿಲ್ಲ, ಹಾಗಾಗಿ ಮೇಲೆ ಹೇಳಿದ ಪರೀಕ್ಷೆಯಲ್ಲೇ ಬೇರೆಯಾಗಿ ನಿಲ್ಲುತ್ತವೆ. ಎಂಜಿನ್ ಆಫ್ ಮಾಡಿ ನ್ಯೂಟ್ರಲ್‌ನಲ್ಲಿ ಗಾಡಿಯನ್ನು ಕೈಯಿಂದ ತಳ್ಳಿದಾಗಲೂ ಸದ್ದು ಬರುತ್ತಿದ್ದರೆ ಅದು ಹಿಂದಿನ ಚೈನು, ಸ್ಪ್ರಾಕೆಟ್, ಬ್ರೇಕ್ ಅಥವಾ ಚಕ್ರದ ಬೇರಿಂಗಿನದು. ಕಿಕ್ ಪೆಡಲ್ ಸ್ಪ್ರಿಂಗ್ ಸೋತು ಪೂರ್ತಿ ಹಿಂದಕ್ಕೆ ಬಾರದಿದ್ದರೆ ಬಲಬದಿಯ ಮುಚ್ಚಳದೊಳಗೇ ಹಲ್ಲುಗಳು ತಾಗಿ ಸದ್ದು ಮಾಡುತ್ತವೆ. ಹಳೆಯ ಮಿಸ್ತ್ರಿಗಳು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ತಾಗಿಸಿ ಹಿಡಿಯನ್ನು ಕಿವಿಗೆ ಒತ್ತಿ ಕೇಳುವ ಪದ್ಧತಿ ಇಂದಿಗೂ ನಂಬಿಕೆಗೆ ಅರ್ಹವಾದದ್ದು, ಏಕೆಂದರೆ ಅಲ್ಯೂಮಿನಿಯಂ ಮೈಯಲ್ಲಿ ಸದ್ದು ಎಲ್ಲ ಕಡೆ ಹಬ್ಬುವುದರಿಂದ ಬರಿಗಿವಿಗೆ ಜಾಗ ತಪ್ಪುತ್ತದೆ. ರಾಯಲ್ ಎನ್‌ಫೀಲ್ಡ್ ಬುಲೆಟ್ಟಿನ ಹಳೆಯ ಮಾದರಿಗಳಲ್ಲಿ ಕ್ಲಚ್ ಇರುವುದು ಎಡಬದಿಗೆ. ಅವುಗಳಲ್ಲಿ ಪ್ರೈಮರಿ ಗೇರಿನ ಬದಲು ಚೈನ್ ಇರುವುದರಿಂದ, ಎಡಬದಿಯ ಸರಪಳಿ ಸದ್ದು ಬಹುಮಟ್ಟಿಗೆ ಆ ಚೈನನ್ನು ಬಿಗಿಹಿಡಿಯುವ ಟೆನ್ಷನರ್ ನೋಡಬೇಕೆಂಬ ಸೂಚನೆಯೇ ಆಗಿರುತ್ತದೆ.

ಹೊಲಗಳ ಕಡೆ ಹೆಚ್ಚಾಗಿ ಕಾಣುವ ಟಿವಿಎಸ್ ಎಕ್ಸ್‌ಎಲ್ ಮೊಪೆಡ್ಡಿಗೂ ಗೇರಿಲ್ಲದ ಸ್ಕೂಟರುಗಳಿಗೂ ಕ್ಲಚ್ ಲಿವರೇ ಇಲ್ಲ. ಅವುಗಳಲ್ಲಿ ಎಂಜಿನ್ ವೇಗ ಹೆಚ್ಚಿದಂತೆ ತಾವಾಗಿಯೇ ಹೊರಕ್ಕೆ ಚಾಚಿ ಡ್ರಮ್ಮನ್ನು ಹಿಡಿಯುವ ಶೂಗಳಿರುತ್ತವೆ. ಹೊರಡುವಾಗ ಕೀರಿದರೆ ಶೂ ನುಣುಪಾಗಿದೆ ಅಥವಾ, ಸ್ಕೂಟರಿನಲ್ಲಾದರೆ, ದೂಳು ಸೇರಿದೆ ಎಂದರ್ಥ. ನಿಂತಾಗಲೂ ಉಜ್ಜುವ ಸದ್ದು ಬಂದರೆ ಐಡಲ್ ಮೇಲಿದೆ ಅಥವಾ ಶೂಗಳನ್ನು ಹಿಂದಕ್ಕೆಳೆಯುವ ಸ್ಪ್ರಿಂಗ್ ಸೋತಿದೆ.

ಇಷ್ಟೆಲ್ಲ ಕೇಳಿದ ಮೇಲೂ ದೋಷ ಕ್ಲಚ್ಚಿನೊಳಗೇ ಇದೆ ಎಂದು ಖಚಿತವಾದರೆ ಮಾತ್ರ ಮುಚ್ಚಳ ಬಿಚ್ಚಬೇಕು. ಅದಕ್ಕೆ ಮೊದಲು ಇಳಿಸಿದ ಆಯಿಲನ್ನು ಚೆಲ್ಲದೆ ಬಿಳಿ ಬಟ್ಟೆಯ ಮೇಲೆ ಕೊಂಚ ಹಾಕಿ ನೋಡಿದರೆ, ಕಪ್ಪುಕಂದು ಚೂರುಗಳು ಘರ್ಷಣೆ ಪ್ಲೇಟು ಉದುರುತ್ತಿರುವುದನ್ನೂ, ಬೆಳ್ಳಿಯಂತೆ ಮಿನುಗುವ ಪುಡಿ ಹೌಸಿಂಗ್ ಸವೆಯುತ್ತಿರುವುದನ್ನೂ ಹೇಳುತ್ತವೆ. ಸ್ಪ್ರಿಂಗುಗಳ ಬೋಲ್ಟನ್ನು ಒಂದೇ ಕಡೆಯಿಂದ ಬಿಚ್ಚದೆ ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಸಡಿಲಿಸಬೇಕು. ಹೊರತೆಗೆದ ಘರ್ಷಣೆ ಪ್ಲೇಟಿನ ದಪ್ಪವನ್ನು ವರ್ನಿಯರ್‌ನಿಂದ ಅಳೆದು ಕೈಪಿಡಿಯ ಮಿತಿಗೆ ಹೋಲಿಸಬೇಕು. ಉಕ್ಕಿನ ಪ್ಲೇಟನ್ನು ದಪ್ಪ ಗಾಜಿನ ಮೇಲಿಟ್ಟು ಫೀಲರ್ ಗೇಜ್ ಎಂಬ ತೆಳು ತಗಡಿನ ಅಳತೆಪಟ್ಟಿಯನ್ನು ತೂರಿಸಿದಾಗ, ಮಾದರಿಗೆ ತಕ್ಕಂತೆ ಸುಮಾರು 0.2 ಅಥವಾ 0.3 ಮಿಲಿಮೀಟರಿಗಿಂತ ಹೆಚ್ಚು ಬಾಗು ಕಂಡರೆ ಅದು ಬದಲಾಗಬೇಕು. ಬಹಳ ಗ್ಯಾರೇಜುಗಳಲ್ಲಿ ನೋಡದೆ ಬಿಡುವ ಭಾಗ ಹೌಸಿಂಗಿನ ಸೀಳುಗಳ ಅಂಚು. ವರ್ಷಗಟ್ಟಲೆ ಪ್ಲೇಟಿನ ಹಲ್ಲುಗಳು ಬಡಿದು ಅಲ್ಲಿ ಹಳ್ಳ ಬಿದ್ದಿರುತ್ತದೆ. ಹೊಸ ಪ್ಲೇಟುಗಳ ಹಲ್ಲು ಆ ಹಳ್ಳಗಳಲ್ಲಿ ಸಿಕ್ಕಿಕೊಂಡು ಸರಾಗವಾಗಿ ಸರಿಯದೆ, ಸೆಟ್ ಬದಲಾಯಿಸಿದ ವಾರದಲ್ಲೇ ಹಳೆಯ ಸದ್ದು, ಹಳೆಯ ಕುಲುಕು ಮರಳುತ್ತವೆ. ತೆಳುವಾದ ಗುರುತುಗಳನ್ನು ಅರದಿಂದ ನಯಗೊಳಿಸಬಹುದು, ಆಳವಾದವಕ್ಕೆ ಹೌಸಿಂಗ್ ಬದಲಾಯಿಸುವುದೇ ದಾರಿ. ಹೌಸಿಂಗನ್ನು ಕೈಯಲ್ಲಿ ಹಿಡಿದು ಗೇರಿನ ವಿರುದ್ಧ ತಿರುಚಿದಾಗ ಲೊಡಲೊಡ ಎಂದರೆ ಬೆನ್ನಿನ ಸ್ಪ್ರಿಂಗು ಸೋತಿದೆ. ಕ್ಲಚ್ ಸೆಂಟರಿನ ನಟ್ಟು ಬಿಗಿಯಾಗಿದೆಯೇ, ಅದರ ಲಾಕ್ ವಾಶರ್ ಜಾಗದಲ್ಲಿದೆಯೇ ಎಂಬುದನ್ನಂತೂ ಮರೆಯಲೇಬಾರದು, ಏಕೆಂದರೆ ಆ ನಟ್ಟು ಸಡಿಲವಾದ ಗಾಡಿಯಲ್ಲಿ ಇಡೀ ಕ್ಲಚ್ ಮುಚ್ಚಳಕ್ಕೆ ತಾಗಿ ಎಂಜಿನ್ನಿನ ಮೈಯೇ ಒಡೆಯಬಹುದು. ಹೊಸ ಘರ್ಷಣೆ ಪ್ಲೇಟುಗಳನ್ನು ಆಯಿಲ್‌ನಲ್ಲಿ ಚೆನ್ನಾಗಿ ನೆನೆಸದೆ ಹಾಗೆಯೇ ಕೂರಿಸಿದರೆ ಮೊದಲ ಓಟದಲ್ಲೇ ಅವು ಸುಡಬಹುದು.

ಆದ್ದರಿಂದ ಗ್ಯಾರೇಜಿಗೆ ಹೋದಾಗ "ಗಾಡಿ ಆವಾಜ್ ಮಾಡಾಕತ್ತದ" ಎಂದಷ್ಟೇ ಹೇಳಿ ಕೀಲಿ ಕೊಟ್ಟು ಬರುವುದನ್ನು ಮಾಲೀಕರು ಬಿಡಬೇಕು. ಸದ್ದು ಲಿವರ್ ಹಿಡಿದಾಗ ಬರುತ್ತದೆಯೋ ಬಿಟ್ಟಾಗಲೋ, ಗೇರಿನಲ್ಲಿಯೋ ನ್ಯೂಟ್ರಲ್‌ನಲ್ಲಿಯೋ, ತಣ್ಣಗಿದ್ದಾಗಲೋ ಬಿಸಿಯಾದ ಮೇಲೋ, ಆಯಿಲ್ ಯಾವುದು ಮತ್ತು ಹಾಕಿಸಿ ಎಷ್ಟು ಕಿಲೋಮೀಟರ್ ಆಯಿತು ಎಂಬುದನ್ನು ಮಿಸ್ತ್ರಿಗೆ ತಿಳಿಸಬೇಕು. ಬಿಚ್ಚಿದ ಮೇಲೆ ಹಳೆಯ ಪ್ಲೇಟುಗಳನ್ನೂ ಹೌಸಿಂಗಿನ ಅಂಚನ್ನೂ ತೋರಿಸುವಂತೆ ಕೇಳಬೇಕು. ಕೀರಲು ಸದ್ದು ಮಾಡುವ ಗಾಡಿಯನ್ನು ನಿಧಾನವಾಗಿ ಊರು ಸೇರಿಸಬಹುದು. ಬಲಬದಿಯಿಂದ ಲೋಹ ಲೋಹಕ್ಕೆ ಬಡಿಯುವ ಸದ್ದು ಹಠಾತ್ತಾಗಿ ಎದ್ದರೆ ಮಾತ್ರ ಅಲ್ಲೇ ಎಂಜಿನ್ ಆಫ್ ಮಾಡಿ, ಗಾಡಿಯನ್ನು ಟಂಟಂನಲ್ಲೋ ಟ್ರ್ಯಾಕ್ಟರಿನಲ್ಲೋ ಹಾಕಿಸಿಕೊಂಡು ಗ್ಯಾರೇಜಿಗೆ ಒಯ್ಯಬೇಕು.